ಮುಳುಗುವ ಮುನ್ನವೇ ವಿಮಾನ ಕೂಗಿ ಹೇಳಲಿ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,



2014ರ ಮಾರ್ಚ್ 8ರ ನಡುರಾತ್ರಿ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನದಲ್ಲಿ 239 ಜನರಿದ್ದರು. ಅವರಲ್ಲಿ ಐವರು ಭಾರತೀಯರು. 1 ಗಂಟೆ 21 ನಿಮಿಷಕ್ಕೆ ಟ್ರಾನ್ಸ್‌ಪಾಂಡರ್ ಸಂಕೇತ ನಿಂತು ವಿಮಾನ ನಿಯಂತ್ರಕರ ಪರದೆಯಿಂದ ಮರೆಯಾಯಿತು. ರಕ್ಷಣಾ ಸಮನ್ವಯ ಕೇಂದ್ರ ಎಚ್ಚೆತ್ತದ್ದು ಐದೂವರೆಗೆ. ನಡುವಿನ ನಾಲ್ಕು ತಾಸು ಮಲೇಷ್ಯಾ ಮತ್ತು ವಿಯೆಟ್ನಾಂನ ನಿಯಂತ್ರಣ ಕೇಂದ್ರಗಳು ಒಂದನ್ನೊಂದು ವಿಚಾರಿಸುತ್ತಲೇ ಕಳೆದವು. ವಿಮಾನ ಕಾಂಬೋಡಿಯಾದ ಮೇಲಿದೆ ಎಂದು ಕಂಪನಿಯೇ ಒಮ್ಮೆ ಹೇಳಿತು. ಅದರ ಕಂಪ್ಯೂಟರ್ ತೋರಿಸುತ್ತಿದ್ದುದು ವಿಮಾನ ಎಲ್ಲಿರಬೇಕಿತ್ತು ಎಂಬ ಅಂದಾಜನ್ನು ಮಾತ್ರ. ಆ ಹೊತ್ತಿಗೂ ವಿಮಾನ ಹಾರುತ್ತಲೇ ಇತ್ತು. ಉಪಗ್ರಹದೊಂದಿಗೆ ಅದರ ಕೊನೆಯ ಸಂಪರ್ಕ 8 ಗಂಟೆ 19 ನಿಮಿಷದ್ದು. ಆ ಸಂಕೇತದಲ್ಲಿ ಸ್ಥಳದ ವಿವರ ಇರಲಿಲ್ಲವಾದ್ದರಿಂದ, ಸಂಕೇತ ಬರಲು ಹಿಡಿದ ಕಾಲವನ್ನು ಅಳೆದು ಹಿಂದೂ ಮಹಾಸಾಗರದ ಮೇಲೊಂದು ಉದ್ದನೆಯ ಕಮಾನು ಎಳೆದು ಹುಡುಕಬೇಕಾಯಿತು. ಸುಮಾರು 20 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಯಿತು, 1,20,000 ಚದರ ಕಿಲೋಮೀಟರ್ ಸಮುದ್ರತಳವನ್ನು ಜಾಲಾಡಿದ್ದಾಯಿತು. 2017ರಲ್ಲಿ ಬರಿಗೈಯಲ್ಲಿ ಶೋಧ ನಿಂತಿತು. ಕಾರಣ ನಿರ್ಧರಿಸಲು ಸಾಧ್ಯವಾಗಿಲ್ಲ ಎಂದು 2018ರ ತನಿಖಾ ವರದಿ ಒಪ್ಪಿಕೊಂಡಿತು.

ಆ ವಿಮಾನದಲ್ಲಿ ನಾಲ್ಕು ತುರ್ತು ಸಂಕೇತ ಸಾಧನಗಳಿದ್ದವು. ಒಂದರಿಂದಲೂ ಸಂಕೇತ ಬರಲಿಲ್ಲ. ಇದನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ. ವಿಮಾನದ ಮೈಗೆ ಜೋಡಿಸಿರುವ ಹಳೆಯ ಬಗೆಯ ಸಾಧನ ಎಚ್ಚೆತ್ತುಕೊಳ್ಳುವುದು ಅಪ್ಪಳಿಸಿದ ಮೇಲೆ. ಅಷ್ಟರಲ್ಲಿ ಬಹಳ ಸಲ ಆಂಟೆನಾ ಮುರಿದಿರುತ್ತದೆ, ಇಲ್ಲವೇ ವಿಮಾನ ನೀರಿನಲ್ಲಿ ಮುಳುಗಿರುತ್ತದೆ. ರೇಡಿಯೊ ಅಲೆ ಸಮುದ್ರದ ನೀರನ್ನು ದಾಟಿ ಮೇಲೆ ಬರುವುದಿಲ್ಲ. ಅಂದರೆ ಕಡಲಿನ ಅವಘಡದಲ್ಲಿ, ಯಾವಾಗ ಅದರ ಅಗತ್ಯ ಅತಿ ಹೆಚ್ಚೋ ಆಗಲೇ ಅದು ಕೈಕೊಡುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನು ಅರಿತೇ ಹೊಸ ನಿಯಮ ತಂದಿತು: ವಿಮಾನ ಅಸಹಜವಾಗಿ ವಾಲಿದರೆ, ವೇಗ ಮಿತಿಮೀರಿದರೆ, ಎಲ್ಲ ಎಂಜಿನ್‌ಗಳು ನಿಂತರೆ, ಸಾಧನ ಆಕಾಶದಲ್ಲಿರುವಾಗಲೇ ತಾನಾಗಿ ಎಚ್ಚೆತ್ತು ನಿಮಿಷಕ್ಕೊಮ್ಮೆಯಾದರೂ ಸ್ಥಳವನ್ನು ತಿಳಿಸಬೇಕು. ಎಂಎಚ್370ರಲ್ಲಿ ಇದು ಇದ್ದಿದ್ದರೆ ವಿಮಾನ ದಾರಿ ತಪ್ಪಿ ತಿರುಗಿದ ಕ್ಷಣದಲ್ಲಿ ಎಚ್ಚೆತ್ತುಕೊಳ್ಳುತ್ತಿರಲಿಲ್ಲವೇನೋ. ಆದರೆ ಇಂಧನ ಮುಗಿದು ಎಂಜಿನ್‌ಗಳು ನಿಂತ ಕೊನೆಯ ನಿಮಿಷಗಳಲ್ಲಿ ಅದು ಮೌನವಾಗಿರುತ್ತಿರಲಿಲ್ಲ. ಹುಡುಕಲು ಅಷ್ಟು ಸಾಕಿತ್ತು.

ನನ್ನ ತಕರಾರು ನಿಯಮದ ವ್ಯಾಪ್ತಿಯ ಬಗ್ಗೆ. 2024ರ ಜನವರಿ 1ರ ನಂತರ ಮೊದಲ ಹಾರಾಟ ಯೋಗ್ಯತಾ ಪತ್ರ ಪಡೆದ, 27,000 ಕಿಲೋಗಿಂತ ಭಾರದ ವಿಮಾನಗಳಿಗಷ್ಟೇ ಅದು ಅನ್ವಯಿಸುತ್ತದೆ. ಒಂದು ದೊಡ್ಡ ವಿಮಾನ ಇಪ್ಪತ್ತು ಇಪ್ಪತ್ತೈದು ವರ್ಷ ಹಾರುತ್ತದೆ. 2023ರಲ್ಲಿ ತಯಾರಾದ ವಿಮಾನ 2045ರಲ್ಲೂ ಹಳೆಯ ಸಾಧನ ಹೊತ್ತು ಬಂಗಾಳ ಕೊಲ್ಲಿ ದಾಟುತ್ತಿರಬಹುದು.

ಹಳೆಯ ವಿಮಾನಗಳಿಗೆ ಹದಿನೈದು ನಿಮಿಷಕ್ಕೊಮ್ಮೆ ಸ್ಥಳ ತಿಳಿಸುವ ನಿಯಮ 2018ರಿಂದಲೇ ಇದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಲೆಕ್ಕ ಹಾಕಿ ನೋಡೋಣ. ತಾಸಿಗೆ 900 ಕಿಲೋಮೀಟರ್ ವೇಗದ ವಿಮಾನ ಹದಿನೈದು ನಿಮಿಷದಲ್ಲಿ 225 ಕಿಲೋಮೀಟರ್ ಸಾಗುತ್ತದೆ. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 1,59,000 ಚದರ ಕಿಲೋಮೀಟರ್. ಎಂಎಚ್370ಕ್ಕಾಗಿ ಮೊದಲು ಜಾಲಾಡಿದ ಪ್ರದೇಶಕ್ಕಿಂತ ದೊಡ್ಡದು! 2009ರ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ ಬಿದ್ದ ಏರ್ ಫ್ರಾನ್ಸ್ 447 ತನ್ನ ಕೊನೆಯ ಸ್ಥಳ ತಿಳಿಸಿ ನಾಲ್ಕೇ ನಿಮಿಷಕ್ಕೆ ಸಮುದ್ರ ಸೇರಿತ್ತು. ಹಾಗಿದ್ದೂ ಮುಖ್ಯ ಅವಶೇಷ ಸಿಕ್ಕಿದ್ದು ಸುಮಾರು ಎರಡು ವರ್ಷದ ಮೇಲೆ, 3,900 ಮೀಟರ್ ಆಳದಲ್ಲಿ.

ಇಂಥ ಘಟನೆಗಳು ಅಪರೂಪ, ಅದಕ್ಕಾಗಿ ಹಳೆಯ ವಿಮಾನಗಳಿಗೂ ಹೊಸ ಸಾಧನ ಹಾಕುವ ಖರ್ಚೇ ಎಂಬ ಪ್ರಶ್ನೆಗೂ ಏರ್ ಫ್ರಾನ್ಸ್ ವಿಮಾನವೇ ಉತ್ತರ. ಅದರ ಕಪ್ಪು ಪೆಟ್ಟಿಗೆಗಳು ಸಿಕ್ಕಿದ್ದರಿಂದಲೇ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಟ್ಟಿದ್ದು, ವಿಮಾನ ಮೇಲೆತ್ತುವ ಬಲ ಕಳೆದುಕೊಂಡಿದೆ ಎಂಬುದು ಪೈಲಟ್‌ಗಳಿಗೆ ಅರಿವಾಗದೇ ಹೋದದ್ದು ಖಚಿತವಾಯಿತು. ಆ ಪಾಠ ಪೈಲಟ್‌ಗಳ ತರಬೇತಿಯನ್ನು ಬದಲಿಸಿತು. ಎಂಎಚ್370ರಿಂದ ಯಾವ ಪಾಠ ಕಲಿತೆವು? ತಪ್ಪು ಯಂತ್ರದ್ದೋ ಮನುಷ್ಯರದ್ದೋ ತಿಳಿಯದೆ ಸರಿಪಡಿಸುವುದಾದರೂ ಏನನ್ನು? ಖರ್ಚಿನ ಮಾತು ಸುಳ್ಳಲ್ಲ. ಆದರೆ ಪ್ರತಿ ವಿಮಾನವೂ ಕೆಲವು ವರ್ಷಗಳಿಗೊಮ್ಮೆ ದೊಡ್ಡ ತಪಾಸಣೆಗೆಂದು ವಾರಗಟ್ಟಲೆ ಹ್ಯಾಂಗರ್‌ನಲ್ಲಿ ನಿಲ್ಲುತ್ತದೆ. ಆಗಲೇ ಸಾಧನ ಬದಲಿಸಿದರೆ ಹಾರಾಟ ನಿಲ್ಲಿಸುವ ನಷ್ಟವಿಲ್ಲ.

ಎಚ್ಚೆತ್ತ ಸಾಧನವನ್ನು ಪೈಲಟ್ ಆರಿಸಲಾಗದಂತಿರಬೇಕು ಎಂಬ ಮಾತಿಗೆ ಬರುವ ಇನ್ನೊಂದು ಆಕ್ಷೇಪ ಗಂಭೀರವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಕಿಯ ಅಪಾಯವಿರುವಾಗ ಯಾವುದೇ ವಿದ್ಯುತ್ ಉಪಕರಣವನ್ನು ಆರಿಸುವ ಅಧಿಕಾರ ಪೈಲಟ್‌ಗಿರಬೇಕು ಎನ್ನುತ್ತಾರೆ. 2013ರ ಜುಲೈನಲ್ಲಿ ಲಂಡನ್ನಿನ ಹೀಥ್ರೂನಲ್ಲಿ ನಿಂತಿದ್ದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದದ್ದು ತುರ್ತು ಸಂಕೇತ ಸಾಧನದ ಲಿಥಿಯಂ ಬ್ಯಾಟರಿಯಿಂದಲೇ. ಆದರೆ ಅಲ್ಲಿ ಬ್ಯಾಟರಿಯ ತಂತಿಗಳು ಮುಚ್ಚಳದಡಿ ಸಿಕ್ಕಿ ನಜ್ಜಾಗಿದ್ದವು. ಅದಕ್ಕೆ ಮದ್ದು ಸುರಕ್ಷಿತ ಬ್ಯಾಟರಿ ಮತ್ತು ಕಟ್ಟುನಿಟ್ಟಿನ ಜೋಡಣೆ. ಸಾಧನ ತನ್ನದೇ ಬ್ಯಾಟರಿಯಲ್ಲಿ ನಡೆಯುವುದಾದರೆ ವಿಮಾನದ ಉಳಿದೆಲ್ಲ ವಿದ್ಯುತ್ತನ್ನು ಕಡಿದುಹಾಕುವ ಪೈಲಟ್‌ನ ಅಧಿಕಾರಕ್ಕೂ ಧಕ್ಕೆಯಿಲ್ಲ.

ಇದು ದೂರದ ಕಡಲಿನ ಕಥೆಯಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಇದೇ ಬಂಗಾಳ ಕೊಲ್ಲಿಯಲ್ಲಿ 29 ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಪತ್ತೆಯಾದ ಸುದ್ದಿ ಆ ಕುಟುಂಬಗಳಿಗೆ ತಲುಪಿದ್ದು 2024ರ ಜನವರಿಯಲ್ಲಿ. ಅದು ಸೇನಾ ವಿಮಾನ, ತಮ್ಮ ಇಲಾಖೆಯದ್ದಲ್ಲ, ನಿಜ. ಕಡಲು ಮಾತ್ರ ಅದೇ. ಬೆಂಗಳೂರಿನಿಂದ ಸಿಂಗಪುರಕ್ಕೆ, ಕ್ವಾಲಾಲಂಪುರಕ್ಕೆ ಹೋಗುವವರು ದಾಟುವುದೂ ಅದನ್ನೇ. ತುರ್ತು ಸಂಕೇತಗಳನ್ನು ಉಪಗ್ರಹದ ಮೂಲಕ ಪಡೆದು ರಕ್ಷಣಾ ಕೇಂದ್ರಗಳಿಗೆ ದಾಟಿಸುವ ನಮ್ಮ ದೇಶದ ಕೇಂದ್ರ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿದೆ. ಕೇಳಿಸಿಕೊಳ್ಳುವ ಕಿವಿ ಸಿದ್ಧವಿದೆ.

ಆದ್ದರಿಂದ, ಸಮುದ್ರ ದಾಟುವ ಭಾರತೀಯ ಕಂಪನಿಗಳ ಎಲ್ಲ ದೊಡ್ಡ ವಿಮಾನಗಳಿಗೂ, ಅವು ಯಾವ ವರ್ಷ ತಯಾರಾಗಿದ್ದರೂ, ಮುಂದಿನ ದೊಡ್ಡ ತಪಾಸಣೆಯೊಳಗೆ ಆಕಾಶದಲ್ಲೇ ಎಚ್ಚೆತ್ತುಕೊಳ್ಳುವ ಈ ಸಾಧನ ಕಡ್ಡಾಯವಾಗಲಿ. ತಾನಾಗಿ ಎಚ್ಚೆತ್ತ ಸಾಧನವನ್ನು ಕಾಕ್‌ಪಿಟ್‌ನಿಂದ ಸುಮ್ಮನಾಗಿಸಲು ಬಾರದಿರಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಈ ಆದೇಶ ಕೊಡಲು ತಾವು ಮಾಂಟ್ರಿಯಲ್‌ನಲ್ಲಿರುವ ಆ ಅಂತರರಾಷ್ಟ್ರೀಯ ಸಂಸ್ಥೆಯ ಒಪ್ಪಿಗೆಗೆ ಕಾಯಬೇಕಿಲ್ಲ. ದಯವಿಟ್ಟು ಕೊಡಿ.


ಒಬ್ಬ ನಾಗರಿಕ