ಹಳ್ಳದ ನಾಡಿ ಹಿಡಿದು ನೋಡಿದ್ದೀರಾ?

‘ಸಾಹೇಬ್ರ, ನಮ್ಮ ಹಳ್ಳದ ನೀರು ಎಷ್ಟು ತಿಳಿ ಅದ ನೋಡ್ರಿ. ಇದರಿಂದ ಹ್ಯಾಂಗ ವಾಂತಿ-ಭೇದಿ ಆಗ್ತದ?’ ಎಂದು ಗೊಬ್ಬೂರ ಕಡೆಯ ರೈತರೊಬ್ಬರು ನನ್ನನ್ನು ಕೇಳಿದರು. ಅವರ ಮೊಮ್ಮಗನಿಗೆ ಆಗಷ್ಟೇ ಸಲೈನ್ ಹಚ್ಚಿದ್ದೆ. ನಳದ ನೀರು ನಿಂತಿದ್ದರಿಂದ ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ಆ ನೀರನ್ನೇ ಮನೆಮಂದಿಯೆಲ್ಲ ಎರಡು ದಿನ ಕುಡಿದಿದ್ದರು.

ತಿಳಿಯಾಗಿದ್ದ ಮಾತ್ರಕ್ಕೆ ನೀರು ಶುದ್ಧವಲ್ಲ. ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ಬರಿಗಣ್ಣಿಗೆ ಕಾಣುವುದಿಲ್ಲ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ-ಕೋಲಿ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ಅಂದಾಜು ಮಾಡಲು ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಸುಲಭ ಪರೀಕ್ಷೆಯೊಂದಿದೆ. ಔಷಧಿ ಸವರಿದ ಕಾಗದವಿರುವ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗಿಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಮಲದ ಸೋಂಕಿದೆ ಎಂದು ಅನುಮಾನಿಸಬೇಕು.

ಆದರೆ ಬಾಟಲಿಗೆ ಗೊತ್ತಾಗದ ಸಂಗತಿಯೊಂದಿದೆ. ನಮ್ಮದು ತೊಗರಿ ಸೀಮೆ. ತೊಗರಿ ಹೂ ಬಿಟ್ಟಿತೆಂದರೆ ಕಾಯಿಕೊರಕ ಹುಳುವಿಗೆ ಎಣ್ಣೆ ಹೊಡೆಯುವ ಕೆಲಸ ಶುರು. ಸಂಜೆ ಪಂಪು ತೊಳೆಯುವುದೆಲ್ಲಿ? ಹಳ್ಳದಲ್ಲಿ! ಕಪ್ಪಾಗದ ಬಾಟಲಿಯನ್ನು ನೋಡಿ ನೀವು ನಿಶ್ಚಿಂತರಾಗಿರುತ್ತೀರಿ. ನೀರಿನಲ್ಲಿ ವಿಷ ಇದ್ದೇ ಇರುತ್ತದೆ. ಕುದಿಸಿದರೂ, ಬ್ಲೀಚಿಂಗ್ ಪೌಡರ್ ಹಾಕಿದರೂ ಆ ವಿಷ ಹೋಗುತ್ತದೆಂಬ ಭರವಸೆಯಿಲ್ಲ.

ಇದನ್ನು ಮೊದಲು ತಿಳಿಸುವವು ಹಳ್ಳದ ಹುಳುಗಳು. ಚಹಾ ಸೋಸುವ ಜಾಲರಿಯೊಂದನ್ನು ಹಿಡಿದು ಹಳ್ಳಕ್ಕೆ ಹೋಗಿ. ಹರಿಯುವ ನೀರಿನಲ್ಲಿ ಒಂದು ಕಲ್ಲನ್ನು ಎತ್ತಿ ಅದರ ತಳ ನೋಡಿ. ಕಲ್ಲಿಲ್ಲದಿದ್ದರೆ ದಂಡೆಯ ಹುಲ್ಲಿನ ಬೇರುಗಳ ನಡುವೆ ಜಾಲರಿ ಆಡಿಸಿ, ಬಂದದ್ದನ್ನು ಬಿಳಿ ತಟ್ಟೆಗೆ ಹಾಕಿ. ಹಿಂದೆ ಎರಡೋ ಮೂರೋ ಎಳೆಬಾಲವಿರುವ ಮೇಫ್ಲೈ ಮರಿಗಳು, ಉಸುಕಿನ ಕಣ ಅಂಟಿಸಿಕೊಂಡು ಗೂಡಿನಲ್ಲಿರುವ ಹುಳುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ಸಿಕ್ಕರೆ ಹಳ್ಳ ಚೆನ್ನಾಗಿ ಉಸಿರಾಡುತ್ತಿದೆ ಎಂದರ್ಥ. ಬರೀ ಕೆಂಪು ಹುಳುಗಳೇ ಸಿಕ್ಕರೆ ಕೊಳೆ ಹೆಚ್ಚಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. (ಆ ಕೆಂಪು, ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್. ಹುಳುವೂ ಬದುಕುವ ದಾರಿ ಕಂಡುಕೊಂಡಿದೆ ನೋಡಿ!) ಊರಿನ ಮೇಲ್ಗಡೆ ಎಲ್ಲ ಸಿಕ್ಕು, ಕೆಳಗಡೆ ಏನೂ ಸಿಗದಿದ್ದರೆ ನಡುವೆ ಏನೋ ಸೇರುತ್ತಿದೆ. ದೊಡ್ಡ ಮಳೆಯ ಮಾರನೆಯ ದಿನ ಮಾತ್ರ ಹೋಗಬೇಡಿ. ಪ್ರವಾಹ ಎಲ್ಲವನ್ನೂ ಕೊಚ್ಚಿಕೊಂಡು ಹೋಗಿರುತ್ತದೆ. ನೋಡಿ ಬಂದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಿರಿ.

‘ಹುಳ ಸತ್ತರೆ ನಮಗೇನು?’ ಎನ್ನಬಹುದು. ಎಣ್ಣೆ ಹೊಡೆದು, ಬೆವರಿ, ಬಾಯಲ್ಲಿ ಜೊಲ್ಲು ಸುರಿಸುತ್ತ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಬರುವ ರೋಗಿಗಳನ್ನು ನಾನು ನೋಡಿದ್ದೇನೆ. ನಮ್ಮ ನರಗಳಲ್ಲಿರುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ರಂಜಕಯುಕ್ತ ಕೀಟನಾಶಕಗಳು ತಡೆಯುತ್ತವೆ. ಹುಳುವನ್ನು ಕೊಲ್ಲುವುದೂ ಇದೇ ದಾರಿಯಿಂದ. ಅದರ ಮೈ ಸಣ್ಣದು, ಅದು ಮೊದಲು ಸಾಯುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು. ಏರೋಪ್ಲೇನ್ ಚಿಟ್ಟೆಯ ಮರಿ ಸೊಳ್ಳೆಯ ಮರಿಯನ್ನು ತಿನ್ನುತ್ತದೆ. ವಿಷಕ್ಕೆ ಎರಡೂ ಸತ್ತರೆ, ಸೊಳ್ಳೆ ಹತ್ತು ಹದಿನೈದು ದಿನಗಳಲ್ಲಿ ಮತ್ತೆ ಹುಟ್ಟಿ ಬರುತ್ತದೆ. ಚಿಟ್ಟೆ ಬೆಳೆಯಲು ತಿಂಗಳುಗಳೇ ಬೇಕು.

ನೀರಿನ ಜೀವಿಗೂ ಕಾಯಿಲೆಗೂ ಇರುವ ಸಂಬಂಧ ನಮ್ಮ ಹಿರಿಯರಿಗೆ ಹೊಸದಲ್ಲ. ಮೆಟ್ಟಿಲು ಬಾವಿಯ ಸೈಕ್ಲೋಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಂಥ ಜೀವಿಯಿಂದ ನಾರುಹುಣ್ಣು ಬರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ, ಬಾವಿಗಳನ್ನು ಸುಧಾರಿಸಿ ಅದನ್ನು ಓಡಿಸಿದೆವು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಒಳ್ಳೆಯದೇ. ಆದರೆ ಅವರ ಕಿಟ್ಟು ನಳದ ಹತ್ತಿರವೇ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಹಳ್ಳದ ದಂಡೆಯ ಬಾವಿ, ಬೋರುಗಳಿಗೆ ಇಂಗುವುದು ಅದೇ ನೀರು. ನಳ ನಿಂತ ದಿನ ಜನ ಹೋಗುವುದೂ ಅಲ್ಲಿಗೇ. ಆ ಮಹಿಳೆಯರೂ ಶಾಲೆಯ ಗುರುಗಳೂ ಮಕ್ಕಳೂ ಕೂಡಿ ವರ್ಷಕ್ಕೆ ಎರಡು ಸಲ, ತೊಗರಿಗೆ ಎಣ್ಣೆ ಹೊಡೆಯುವ ಮೊದಲೊಮ್ಮೆ, ಹೊಡೆದ ಮೇಲೊಮ್ಮೆ, ಹಳ್ಳ ನೋಡಿ ಪಂಚಾಯಿತಿಯ ಗೋಡೆಗೆ ಬರೆದು ಹಚ್ಚಲಿ. ಖರ್ಚು ಒಂದು ಜಾಲರಿ, ಒಂದು ತಟ್ಟೆ. ಹುಳುಗಳು ತುಂಬಿದ ಹಳ್ಳದ ನೀರನ್ನೂ ನೇರ ಕುಡಿಯುವಂತಿಲ್ಲ, ನೆನಪಿಡಿ; ಮೇಫ್ಲೈ ಇದ್ದಲ್ಲೂ ಟೈಫಾಯ್ಡ್ ರೋಗಾಣು ಇರಬಹುದು. ಕುದಿ ಬಂದ ಮೇಲೂ ಕೆಲ ನಿಮಿಷ ಕುದಿಸಿ ಆರಿಸಿ ಕುಡಿಯಿರಿ. ಇನ್ನು ಪಂಪನ್ನು ಹೊಲದಲ್ಲೇ, ಹಳ್ಳ ಬಾವಿಗಳಿಂದ ದೂರ ತೊಳೆದು, ಆ ನೀರನ್ನು ಎಣ್ಣೆ ಹೊಡೆದ ಬೆಳೆಗೇ ಸಿಂಪಡಿಸಿ ಮುಗಿಸಿ.

ಹುಡುಗ ಮೂರನೆಯ ದಿನ ಮನೆಗೆ ಹೋದ. ಪಂಪು ಎಲ್ಲಿ ತೊಳೆಯುತ್ತೀರಿ ಎಂದು ಅಜ್ಜನನ್ನು ಕೇಳಿದೆ. ಅವರು ನಕ್ಕು ತಲೆ ಕೆರೆದುಕೊಂಡರು.