ಸ್ಪ್ಯಾನರಿಗೆ ಕುಂಕುಮ, ಹಿಡಿದ ಕೈಗೆ ತಾತ್ಸಾರ

‘ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?’ ಎಂದು ಬಂಧುವರ್ಗದಲ್ಲಿ ಆಡಿಕೊಂಡವರಿಗೆಲ್ಲ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಹೌದು, ನಮ್ಮ ಹಳೆಯ ಮಹೀಂದ್ರ ಜೀಪಿನ ಸವೆದ ಟ್ರಾನ್ಸ್‌ಫರ್ ಕೇಸನ್ನು ಮನೆಯಂಗಳದಲ್ಲೇ ಇಳಿಸಿ ಬೇರೊಂದನ್ನು ಕೂರಿಸಿದೆವು. ನನ್ನ ಹಳೆಯ ಶಿಷ್ಯನೊಬ್ಬ ಜೊತೆಗಿದ್ದ. ಪಂಚೆಗೆ ಎಣ್ಣೆ ಮೆತ್ತಿತು. (ಆ ಬಗ್ಗೆ ನನ್ನ ಮನೆಯಾಕೆಯ ಅಭಿಪ್ರಾಯ ಇಲ್ಲಿ ಅಪ್ರಸ್ತುತ.) ಇದರಲ್ಲಿ ಮನೆತನದ ಮರ್ಯಾದೆ ಹೋದದ್ದೆಲ್ಲಿ?

ಆಯುಧಪೂಜೆಯ ದಿನ ಸ್ಪ್ಯಾನರಿಗೆ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಉಳಿದ ದಿನ ಅದನ್ನು ಹಿಡಿದವನನ್ನು ಹೊರಜಗಲಿಯಲ್ಲೇ ನಿಲ್ಲಿಸುತ್ತೇವೆ. ಬಿ.ಎಡ್. ಮಾಡಿದವನು ಗಾಡಿಯ ಕೆಳಗೆ ಮಲಗಬಾರದೆಂಬ ನಿಯಮ ಹುಟ್ಟಿದ್ದು ಈ ಕಪಟದಿಂದಲೇ.

ಇನ್ನು ‘ಗುಜರಿಗೆ ಹಾಕಿ’ ಎಂಬ ಸಲಹೆ. ಪಟ್ಟಣದ ವರ್ಕ್‌ಶಾಪೊಂದರಲ್ಲಿ ಮುಚ್ಚಳವನ್ನೂ ತೆಗೆಯದೆ, ಗೇರ್‌ಬಾಕ್ಸ್ ಸಮೇತ ಎಲ್ಲವೂ ಹೋಗಿದೆಯೆಂದು ತೀರ್ಪು ಕೊಟ್ಟರು. ಉತ್ತರಪತ್ರಿಕೆ ಬಿಡಿಸದೆ ಅಂಕ ಹಾಕುವ ಈ ಕ್ರಮವನ್ನು ನಾನು ಒಪ್ಪಲಾರೆ. ಬಿಚ್ಚಿ ನೋಡಿದರೆ ಗೇರ್‌ಬಾಕ್ಸ್ ಗಟ್ಟಿಯಾಗಿಯೇ ಇತ್ತು.

ವಿಲ್ಲೀಸ್ ವಂಶದ ಈ ಜೀಪುಗಳ ಜೋಡಣೆಯನ್ನು ಮಹೀಂದ್ರ 1947ರಲ್ಲಿ ಮುಂಬಯಿಯಲ್ಲಿ ಆರಂಭಿಸಿತು. ಇವುಗಳಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಒಳಗಿನ ನಡುಗೇರು ಬಡಪಾಯಿ. ನಾಲ್ಕು ಚಕ್ರವಿರಲಿ, ಎರಡೇ ಇರಲಿ, ಶಕ್ತಿಯೆಲ್ಲ ಅದರ ಮೂಲಕವೇ ಹಾಯಬೇಕು, ಅದಕ್ಕೆ ರಜೆಯೆಂಬುದಿಲ್ಲ. ಅದನ್ನು ಹೊತ್ತ ಶಾಫ್ಟು, ಸೂಜಿಯಂಥ ಬೇರಿಂಗುಗಳು ಸವೆದರೆ ಮೊದಲು ಊಳಿಡುವ ಸದ್ದು, ಆಮೇಲೆ ಲೋ ಗೇರು ತಾನಾಗಿ ಜಾರಿಕೊಳ್ಳುವುದು. ಮಲೆನಾಡಿನ ಇಳಿಜಾರಿನಲ್ಲಿ, ಹಿಂದೆ ಅಡಿಕೆ ಕೊನೆಯ ಮೇಲೆ ಆಳುಗಳು ಕುಳಿತಿರುವಾಗ ಗೇರು ಜಾರಿದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಸಾಲದ್ದಕ್ಕೆ ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುವುದೂ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ. ಸೀಲು ಸೋರಿ ಲೈನರಿಗೆ ಎಣ್ಣೆ ಕುಡಿದರೆ ಅದೂ ಕೈಕೊಟ್ಟಂತೆಯೇ. ‘ಸದ್ದು ಬಂದರೇನು, ಓಡುತ್ತಿದೆಯಲ್ಲ’ ಎನ್ನುವ ಮಹಾಶಯರು ಇದನ್ನು ಎರಡು ಸಲ ಓದಬೇಕು.

ಸವೆಸಿದವರು ಯಾರು? ಕೆಸರು ದಾಟಿ ಟಾರು ರಸ್ತೆಗೆ ಬಂದ ಮೇಲೂ ನಾಲ್ಕು ಚಕ್ರದಲ್ಲೇ ಓಡಿಸುವ ಶೂರರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಕಂಸವನ್ನು ಕ್ರಮಿಸಬೇಕು. ಈ ಕೇಸಿನಲ್ಲಿ ಎರಡೂ ಶಾಫ್ಟುಗಳಿಗೆ ಒಂದೇ ವೇಗ. ಕೆಸರಿನಲ್ಲಾದರೆ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ; ಒಣ ಟಾರಿನಲ್ಲಿ ಆ ಬಿಗುವನ್ನೆಲ್ಲ ಹಲ್ಲುಗಳು ನುಂಗಬೇಕು. ವೃತ್ತದ ಪರಿಧಿಯ ಲೆಕ್ಕದಲ್ಲಿ ಪೂರ್ಣಾಂಕ ಪಡೆದ ಒಬ್ಬಿಬ್ಬರು ಈ ಗುಂಪಿನಲ್ಲಿದ್ದಾರೆ. ಹೆಸರು ಬೇಡ, ಅವರೇ ಓದುತ್ತಿರುತ್ತಾರೆ.

ಹಾಗೆಂದು ಹುಂಬತನಕ್ಕೆ ನನ್ನ ಬೆಂಬಲವಿಲ್ಲ. ಬರೀ ಜಾಕಿಯನ್ನು ನಂಬಿ ಕೆಳಗೆ ನುಗ್ಗುವವನು, ಟೊಳ್ಳು ಸಿಮೆಂಟ್ ಇಟ್ಟಿಗೆಯ ಮೇಲೆ ಗಾಡಿ ನಿಲ್ಲಿಸುವವನು ನನ್ನ ಶಿಷ್ಯನೆಂದು ಹೇಳಿಕೊಳ್ಳಕೂಡದು. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿದ ಕ್ಷಣವೇ ಹ್ಯಾಂಡ್‌ಬ್ರೇಕಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಆದ್ದರಿಂದ ಅದಕ್ಕೂ ಮೊದಲೇ ಚಕ್ರಗಳಿಗೆ ಎರಡೂ ಕಡೆ ಮರದ ಅಡ್ಡೆ ಕೊಡಬೇಕು. ಕೇಸನ್ನು ಎದೆಯ ಮೇಲೆ ಇಳಿಸಿಕೊಳ್ಳುವುದಲ್ಲ, ಕೆಳಗೆ ಇನ್ನೊಂದು ಜಾಕಿ ಕೊಟ್ಟು ಇಳಿಸಬೇಕು. ನಮಗೆ ಎರಡು ದಿನ ಹಿಡಿಯಿತು. ಅದರಲ್ಲಿ ಅರ್ಧ ದಿನ ಹಿಂಬದಿಯ ಬೇರಿಂಗಿನ ಶಿಮ್ಮುಗಳಿಗೇ ಮೀಸಲು: ಕಾಗದದಷ್ಟು ತೆಳ್ಳನೆಯ ತಗಡುಗಳು, ಒಂದು ಹೆಚ್ಚಾದರೆ ಶಾಫ್ಟು ಅಲುಗುತ್ತದೆ, ಒಂದು ಕಡಿಮೆಯಾದರೆ ಬೇರಿಂಗ್ ಬಿಗಿದು ಕಾಯುತ್ತದೆ. ಒಂದೊಂದು ಸೇರಿಸಿ, ತೆಗೆದು, ಕೈಯಲ್ಲಿ ತಿರುಗಿಸಿ ನೋಡುವ ಆ ಶ್ರದ್ಧೆಯನ್ನು ‘ಕೂಲಿ ಕೆಲಸ’ ಎಂದವರ ಬಗ್ಗೆ ನನಗೆ ಕನಿಕರವಿದೆ.

ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಸಂತೋಷ. ಆದರೆ ಬಿಚ್ಚುವುದೇ ಅವಮಾನವೆಂದು ನಂಬಿದ ಮನೆಗಳಲ್ಲಿ ಆ ಹಕ್ಕನ್ನು ಚಲಾಯಿಸುವವರಾರು?

ಹಳೆಯ ಕೇಸು ಕೊಟ್ಟಿಗೆಯಲ್ಲಿದೆ, ಮುಚ್ಚಳ ತೆಗೆದೇ ಇಟ್ಟಿದ್ದೇನೆ. ಮೊಮ್ಮಕ್ಕಳನ್ನು ರಜೆಯಲ್ಲಿ ಕಳುಹಿಸುವವರು ಒಂದು ಜೊತೆ ಹಳೆಯ ಬಟ್ಟೆಯನ್ನೂ ಕೊಟ್ಟು ಕಳುಹಿಸಿ.