ನಿದ್ದೆಗೆಟ್ಟ ಯಂತ್ರ

ಲ್ಯಾಪ್‌ಟಾಪಿನ ಬ್ಯಾಟರಿ ಬೇಗನೆ ಬರಿದಾಗತೊಡಗಿದರೆ ನಾವು ಮೊದಲು ದೂರುವುದು ಬ್ಯಾಟರಿಯನ್ನೇ. ಕೆಲವರಂತೂ ಯಂತ್ರವನ್ನೇ ಮೂಲೆಗೊತ್ತಿ ಹೊಸದನ್ನು ಕೊಳ್ಳಲು ಹೊರಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಆತುರದ ತೀರ್ಮಾನ. ಬೊಕ್ಕಸ ಬರಿದಾಯಿತೆಂದು ಕೊರಗುವ ಮುನ್ನ ಖರ್ಚಿನ ಲೆಕ್ಕವನ್ನು ನೋಡಬೇಡವೆ? ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಯುವ ಯಂತ್ರಗಳಲ್ಲಿ ಈ ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಗಣಕದ ಪ್ರೊಸೆಸರ್ ಕೆಲಸವಿಲ್ಲದಾಗ ನಿದ್ರಿಸಬಲ್ಲದು. ನಿದ್ರೆ ಗಾಢವಾದಷ್ಟೂ ವಿದ್ಯುತ್ತಿನ ವ್ಯಯ ಕಡಿಮೆ. ನಾವು ಪರದೆಯ ಮೇಲಿನ ಪುಟವೊಂದನ್ನು ಓದುತ್ತ ಕುಳಿತಿರುವಾಗ ಅದಕ್ಕೆ ಬೇಕಾದಷ್ಟು ಬಿಡುವಿರುತ್ತದೆ. ಆದರೆ ಹಿಂದೆ ಲಿನಕ್ಸಿನ ತಿರುಳಾದ ಕರ್ನೆಲ್, ಕಾಲವನ್ನು ಎಣಿಸುವುದಕ್ಕಾಗಿಯೇ ಸೆಕೆಂಡಿಗೆ ನೂರಾರು ಸಲ, ಕೆಲವು ಆವೃತ್ತಿಗಳಲ್ಲಿ ಸಾವಿರ ಸಲ, ಅದನ್ನು ಎಬ್ಬಿಸುತ್ತಿತ್ತು. ಮಲಗಿದವನ ಭುಜವನ್ನು ಅಲುಗಿಸಿ, “ನಿದ್ದೆ ಬಂತೇ?” ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರೆ ಅವನು ನಿದ್ರಿಸುವುದೆಂತು! 2007ರಲ್ಲಿ ಹೊರಬಂದ 2.6.21ನೆಯ ಆವೃತ್ತಿಯಲ್ಲಿ, ಬಿಡುವಿನ ವೇಳೆಯಲ್ಲಿ ಈ ಕಾಟವನ್ನು ನಿಲ್ಲಿಸುವ ಏರ್ಪಾಡಾಯಿತು. ಅದೇ ವರ್ಷ ಇಂಟೆಲ್ ಸಂಸ್ಥೆಯ ತಂತ್ರಜ್ಞರು ‘ಪವರ್‌ಟಾಪ್’ ಎಂಬ ಸಾಧನವನ್ನು ಹೊರತಂದರು. ಯಾವ ತಂತ್ರಾಂಶವು ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆಯೆಂಬುದನ್ನು ಅದು ಹೆಸರು ಸಹಿತ ಪಟ್ಟಿ ಮಾಡಿ ತೋರಿಸಿತು. ಸದ್ದಿಲ್ಲದೆ ದುಂದುಗಾರಿಕೆ ನಡೆಸಿದ್ದ ಎಷ್ಟೋ ತಂತ್ರಾಂಶಗಳು ಸಿಕ್ಕಿಬಿದ್ದವು. ಅವುಗಳ ಮೂಲಬರಹ ಎಲ್ಲರಿಗೂ ತೆರೆದಿದ್ದುದರಿಂದ ಬಲ್ಲವರು ಅವನ್ನು ತಿದ್ದಿದರು. ಆ ದುಡಿಮೆಯ ಫಲವನ್ನು ನಾವಿಂದು ಅರಿಯದೆಯೇ ಉಣ್ಣುತ್ತಿದ್ದೇವೆ.

ಇದರಿಂದ ಲಾಭವೆಷ್ಟೆಂದು ನೀವೇ ಗುಣಿಸಿ ನೋಡಿ. ಬ್ಯಾಟರಿಯಲ್ಲಿ 48 ವಾಟ್-ಗಂಟೆಗಳಷ್ಟು ಶಕ್ತಿಯಿದ್ದು, ಯಂತ್ರವು 12 ವಾಟ್ ಬಳಸಿದರೆ ಅದು ನಾಲ್ಕು ಗಂಟೆ ಬಾಳುತ್ತದೆ. ಬಳಕೆ 8 ವಾಟಿಗೆ ಇಳಿದರೆ ಆರು ಗಂಟೆ. ಪರದೆಯ ಬೆಳಕನ್ನು ಕಣ್ಣಿಗೆ ಹಿತವಾಗುವಷ್ಟಕ್ಕೆ ತಗ್ಗಿಸುವುದರಿಂದಲೇ ಈ ಉಳಿತಾಯದ ಒಂದು ಪಾಲು ದೊರೆಯುತ್ತದೆ. ಅದಕ್ಕೆ ಯಾವ ಸಾಧನವೂ ಬೇಕಿಲ್ಲ.

ಆದರೆ ಉಳಿತಾಯದ ಹುಮ್ಮಸ್ಸಿನಲ್ಲಿ ಕಂಡ ಸಾಧನಗಳನ್ನೆಲ್ಲ ತುಂಬಿಕೊಳ್ಳುವುದನ್ನು ನಾನು ಒಪ್ಪಲಾರೆ. ನಾನೂ ಒಮ್ಮೆ ಪವರ್‌ಟಾಪ್ ಸೂಚಿಸಿದ ಬದಲಾವಣೆಗಳನ್ನೆಲ್ಲ ಒಂದೇ ಏಟಿಗೆ ಜಾರಿಗೆ ತಂದೆ. ವಿದ್ಯುತ್ತೇನೋ ಉಳಿಯಿತು, ಆದರೆ ಕ್ಷಣಕಾಲ ಕೈ ತೆಗೆದರೆ ಸಾಕು, ಮೌಸ್ ನಿದ್ದೆಹೋಗುತ್ತಿತ್ತು! ಬರೆಯುವುದಕ್ಕಿಂತ ಅದನ್ನು ಎಬ್ಬಿಸುವುದೇ ನನ್ನ ಕೆಲಸವಾಯಿತು. ‘ಟಿಎಲ್‌ಪಿ’ ಎಂಬ ಇನ್ನೊಂದು ಸಾಧನವು ಇಂಥ ಉಪಕರಣಗಳನ್ನು ತಾನಾಗಿಯೇ ಬಿಟ್ಟು, ಉಳಿದುದನ್ನು ಹಿತಮಿತವಾಗಿ ಹೊಂದಿಸುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ನೂರಕ್ಕೆ ಎಂಬತ್ತರಷ್ಟು ತುಂಬಿದೊಡನೆ ವಿದ್ಯುತ್ತನ್ನು ತಡೆದು ನಿಲ್ಲಿಸಲೂ ಬಲ್ಲದು. ಸದಾ ತುಂಬಿ, ಬಿಸಿಯಲ್ಲಿರುವ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆಯಷ್ಟೆ. ಆದರೆ ಇದೇ ಕೆಲಸದ ಮತ್ತೊಂದು ಸಾಧನವನ್ನು ಜೊತೆಗಿಟ್ಟರೆ, ಒಂದು ಹೊಂದಿಸಿದ್ದನ್ನು ಇನ್ನೊಂದು ಕೆಡಿಸುತ್ತದೆ.

ನಿಜಕ್ಕೂ ಮುಪ್ಪಾದ ಬ್ಯಾಟರಿಗೆ ಯಾವ ಸಾಧನವೂ ಯೌವನವನ್ನು ಮರಳಿ ಕೊಡದು. ಅದು ಹೊಸದಾಗಿದ್ದಾಗ ಹಿಡಿಯುತ್ತಿದ್ದುದೆಷ್ಟು, ಈಗ ಹಿಡಿಯುವುದೆಷ್ಟು ಎಂಬ ಎರಡು ಅಂಕಿಗಳನ್ನೂ ಲಿನಕ್ಸ್ ತೋರಿಸುತ್ತದೆ. ನನ್ನ ಹಳೆಯ ಯಂತ್ರವನ್ನು ಎಸೆಯಿರೆಂದು ಅಂಗಡಿಯವರೊಬ್ಬರು ಹೇಳಿದ ದಿನ ನಾನು ನೋಡಿದ್ದು ಈ ಅಂಕಿಗಳನ್ನು. ಬ್ಯಾಟರಿಯ ಬಲ ಅರ್ಧಕ್ಕಿಳಿದಿತ್ತು. ಯಂತ್ರದಲ್ಲಿ ಬೇರಾವ ದೋಷವೂ ಇರಲಿಲ್ಲ. ಬ್ಯಾಟರಿಯೊಂದನ್ನೇ ಬದಲಿಸಿದೆ. ಆ ಯಂತ್ರ ಈಗಲೂ ನಡೆಯುತ್ತಿದೆ.